ಒಂದೇ ಹಳಿ, ಐದು ನಿಮಿಷ

2000ನೇ ಇಸವಿಯ ಜನವರಿ 4. ನಾರ್ವೆ ದೇಶದ ಓಸ್ಟರ್‌ಡಾಲೆನ್ ಕಣಿವೆ. ಮಧ್ಯಾಹ್ನ ಒಂದು ಗಂಟೆ ಏಳು ನಿಮಿಷ.

ರೇನಾ ನಿಲ್ದಾಣದಿಂದ ಒಂದು ರೈಲು ದಕ್ಷಿಣಕ್ಕೆ ಹೊರಟಿತು. ಟ್ರೊಂಡ್‌ಹೈಮ್‌ನಿಂದ ಹಾಮರ್‌ಗೆ ಹೋಗುವ ಗಾಡಿ ಅದು. ಮುಂದೆ ಭಾರೀ ಡೀಸೆಲ್ ಎಂಜಿನ್, ಹಿಂದೆ ಮೂರು ಬೋಗಿ. ಅದೇ ಹೊತ್ತಿಗೆ ದಕ್ಷಿಣದ ರುಡ್‌ಸ್ಟಾಡ್ ನಿಲ್ದಾಣದಿಂದ ಎರಡು ಬೋಗಿಯ ಡೀಸೆಲ್ ರೈಲ್‌ಕಾರ್ ಉತ್ತರಕ್ಕೆ ಹೊರಟಿತು. ಅದು ರುಡ್‌ಸ್ಟಾಡ್‌ನಲ್ಲೇ ನಿಂತು, ಎದುರಿನ ಗಾಡಿ ದಾಟುವ ತನಕ ಕಾಯಬೇಕಿತ್ತು. ಕಾಯಲಿಲ್ಲ. ಎರಡು ನಿಲ್ದಾಣಗಳ ನಡುವೆ ಇದ್ದದ್ದು ಒಂದೇ ಹಳಿ. ಎರಡೂ ಗಾಡಿ ಸೇರಿ 86 ಜನ.

ಒಳಗೆ ಕೂತವರಿಗೆ ಅದು ಎಂದಿನ ಪ್ರಯಾಣ. ಕಾಡು, ಹಿಮ, ಪಕ್ಕದಲ್ಲೇ ಗ್ಲೊಮ್ಮಾ ನದಿ. ಎದುರಿನಿಂದ ಏನು ಬರುತ್ತಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಎಂಜಿನ್ ನಡೆಸುತ್ತಿದ್ದವರಿಗೂ ಗೊತ್ತಿಲ್ಲ.

ಗೊತ್ತಿದ್ದದ್ದು ಒಂದು ಯಂತ್ರಕ್ಕೆ. ದೂರದ ಹಾಮರ್ ನಗರದ ನಿಯಂತ್ರಣ ಕೊಠಡಿಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ಕೆಂಪು ಅಕ್ಷರದ ಎಚ್ಚರಿಕೆಯೊಂದು ಮೂಡಿತು. ಗಂಟೆ ಬಾರಿಸಲಿಲ್ಲ, ಸೈರನ್ ಕೂಗಲಿಲ್ಲ. ಬರೀ ಅಕ್ಷರ. ಬೇರೆ ಕೆಲಸದಲ್ಲಿದ್ದ ಕಂಟ್ರೋಲರ್ ಕಣ್ಣಿಗೆ ಅದು ಬೀಳುವಷ್ಟರಲ್ಲಿ ಉಳಿದದ್ದು ಹೆಚ್ಚುಕಡಿಮೆ ಒಂದು ನಿಮಿಷ.

ಒಂದು ನಿಮಿಷ! ಏನು ಮಾಡಬೇಕು? ವಿದ್ಯುತ್ ಮಾರ್ಗವಾಗಿದ್ದರೆ ಮೇಲಿನ ತಂತಿಯ ಕರೆಂಟನ್ನಾದರೂ ಕತ್ತರಿಸಬಹುದಿತ್ತು. ಆದರೆ ಈ ಗಾಡಿಗಳು ಓಡುತ್ತಿದ್ದ ರೋರೋಸ್ ಮಾರ್ಗದಲ್ಲಿ ತಂತಿಯೇ ಇಲ್ಲ, ಓಡುವುದೆಲ್ಲ ಡೀಸೆಲ್. ತಪ್ಪಿ ಹೊರಟ ಗಾಡಿಯನ್ನು ತಾನಾಗಿ ತಡೆದು ನಿಲ್ಲಿಸುವ ವ್ಯವಸ್ಥೆ ಆ ಮಾರ್ಗದಲ್ಲಿ ಕೆಲಸಕ್ಕೆ ಬಂದಿರಲಿಲ್ಲ. ರೈಲಿಗೆಂದೇ ಮೀಸಲಾದ ರೇಡಿಯೋ ಜಾಲವೂ ಇರಲಿಲ್ಲ. ಉಳಿದದ್ದು ಮೊಬೈಲ್ ಫೋನ್ ಒಂದೇ. ಆ ಎರಡು ಗಾಡಿಗಳ ಸರಿಯಾದ ನಂಬರು ಕಂಟ್ರೋಲರ್ ಕೈಗೆ ಸಿಗಲಿಲ್ಲ. ಹುಡುಕುತ್ತಿದ್ದಾರೆ. ಸೆಕೆಂಡುಗಳು ಉರುಳುತ್ತಿವೆ. ಮುಂದೆ ಏನಾಗಲಿದೆ ಎಂದು ಬಲ್ಲ ಮನುಷ್ಯ ಇಲ್ಲಿದ್ದಾನೆ, ಬ್ರೇಕ್ ಹಾಕಬಲ್ಲ ಮನುಷ್ಯರು ಅಲ್ಲಿದ್ದಾರೆ. ನಡುವೆ ಒಂದು ಮಾತು ಹಾಯಲು ದಾರಿಯಿಲ್ಲ.

ಒಂದು ಗಂಟೆ ಹನ್ನೆರಡು ನಿಮಿಷ, ಮೂವತ್ತೈದು ಸೆಕೆಂಡ್. ಓಸ್ಟಾ ಎಂಬಲ್ಲಿ ಮುಖಾಮುಖಿ ಡಿಕ್ಕಿ.

ಎಂಜಿನ್ ಉರುಳಿತು. ಬೋಗಿಗಳು ನುಜ್ಜುಗುಜ್ಜಾದವು. ಡೀಸೆಲ್ ಸೋರಿ ಬೆಂಕಿ ಹತ್ತಿತು. ಕೈಕಾಲು ಆಡುವವರು ಒಡೆದ ಕಿಟಕಿಗಳಿಂದ ಹಿಮದ ಮೇಲೆ ಜಿಗಿದರು, ಒಳಗೆ ಸಿಕ್ಕಿಕೊಂಡವರನ್ನು ಎಳೆದು ತೆಗೆಯಲು ಹೆಣಗಿದರು. ಬೆಂಕಿ ಬೆಳೆಯುತ್ತಲೇ ಹೋಯಿತು. 67 ಜನ ಬದುಕಿದರು. 19 ಜನ ಬದುಕಲಿಲ್ಲ.

ರುಡ್‌ಸ್ಟಾಡ್‌ನಲ್ಲಿ ಸಿಗ್ನಲ್ ಕೆಂಪಿತ್ತೋ, ಕೆಟ್ಟು ಹಸಿರು ತೋರಿಸಿತ್ತೋ ಎಂಬುದನ್ನು ತನಿಖಾ ಆಯೋಗಕ್ಕೂ ಖಚಿತವಾಗಿ ಹೇಳಲಾಗಲಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಯಿತು: ಒಂದು ತಪ್ಪು ನಡೆದರೆ ಅದನ್ನು ಹಿಡಿದು ನಿಲ್ಲಿಸುವ ಎರಡನೆಯ ತಡೆ ಅಲ್ಲಿರಲಿಲ್ಲ. ಆ ದಿನದ ಬಗ್ಗೆ ಓದುವಾಗಲೆಲ್ಲ ನನ್ನ ಎದೆ ಹಿಂಡುವುದು ಬೆಂಕಿಯಲ್ಲ, ಆ ಕೊನೆಯ ನಿಮಿಷ. ಅಪಾಯ ಗೊತ್ತಾಗಿತ್ತು. ಗೊತ್ತಾದದ್ದು ತಲುಪಲಿಲ್ಲ.

ನಾರ್ವೆ ಪಾಠ ಕಲಿಯಿತು. ಜಿಎಸ್ಎಂ-ಆರ್ ಎಂಬ, ರೈಲಿಗಾಗಿಯೇ ರೂಪಿಸಿದ ಮೊಬೈಲ್ ರೇಡಿಯೋ ಜಾಲ 2007ರ ಹೊತ್ತಿಗೆ ಅಲ್ಲಿನ ಇಡೀ ರೈಲು ಮಾರ್ಗವನ್ನು ಆವರಿಸಿತು. ಅದರಲ್ಲಿ ನಂಬರು ಹುಡುಕುವ ಪ್ರಶ್ನೆಯೇ ಇಲ್ಲ. ಗಾಡಿಯ ಸಂಖ್ಯೆಯೇ ವಿಳಾಸ. ಎಲ್ಲಕ್ಕಿಂತ ಮಿಗಿಲಾಗಿ ತುರ್ತು ಕರೆಯ ಕೆಂಪು ಗುಂಡಿ ಇದೆ. ಚಾಲಕ ಒತ್ತಲಿ, ಕಂಟ್ರೋಲರ್ ಒತ್ತಲಿ, ಜಾಲದಲ್ಲಿ ನಡೆಯುತ್ತಿರುವ ಉಳಿದ ಮಾತೆಲ್ಲ ಪಕ್ಕಕ್ಕೆ ಸರಿದು, ಆ ಪ್ರದೇಶದ ಎಲ್ಲ ಎಂಜಿನ್‌ಗಳಲ್ಲಿ ಕೆಲವೇ ಸೆಕೆಂಡುಗಳಲ್ಲಿ ಒಂದೇ ಕರೆ ಮೊಳಗುತ್ತದೆ.

ನಮ್ಮ ನಾಡಿನ ಹಳಿಗಳೂ ಇಂಥ ನಿಮಿಷಗಳನ್ನು ಕಂಡಿವೆ. 1998ರ ನವೆಂಬರ್ 26, ಪಂಜಾಬಿನ ಖನ್ನಾ. ಬೆಳಗಾಗುವ ಮುಂಚಿನ ಕತ್ತಲು. ಫ್ರಾಂಟಿಯರ್ ಗೋಲ್ಡನ್ ಟೆಂಪಲ್ ಮೇಲ್‌ನ ಹಿಂದಿನ ಬೋಗಿಗಳು ಹಳಿ ತಪ್ಪಿ ಪಕ್ಕದ ಹಳಿಗೆ ಅಡ್ಡ ಬಿದ್ದವು. ಆ ಹಳಿಯಲ್ಲೇ ಜಮ್ಮು ತಾವಿ–ಸಿಯಾಲ್ದಾ ಎಕ್ಸ್‌ಪ್ರೆಸ್ ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಸಿಬ್ಬಂದಿ ಏನು ಮಾಡಬೇಕೆಂದು ರೈಲ್ವೆ ನಿಯಮ ಹೇಳುತ್ತದೆ. ಬರುವ ಗಾಡಿಯ ದಿಕ್ಕಿಗೆ ಕೆಂಪು ದೀಪ ಹಿಡಿದು ಓಡಬೇಕು. 600 ಮೀಟರ್‌ನಲ್ಲಿ ಹಳಿಗೆ ಒಂದು ಡಿಟೊನೇಟರ್ ಕಟ್ಟಬೇಕು. ಮತ್ತೆ ಓಡಬೇಕು. 1200 ಮೀಟರ್‌ನಲ್ಲಿ ಇನ್ನೂ ಮೂರು, ಹತ್ತು ಹತ್ತು ಮೀಟರ್ ಅಂತರದಲ್ಲಿ. ಚಕ್ರ ಹರಿದಾಗ ಅದು ಸಿಡಿಯುತ್ತದೆ, ಸದ್ದು ಕೇಳಿ ಚಾಲಕ ಬ್ರೇಕ್ ಹಾಕುತ್ತಾನೆ. ಯೋಚಿಸಿ ನೋಡಿ. ಕತ್ತಲು, ಕಾಲ ಕೆಳಗೆ ಜಲ್ಲಿಕಲ್ಲು, ಹಿಂದೆ ಗಾಯಾಳುಗಳ ಚೀರಾಟ, ಎದುರಿನಿಂದ ನುಗ್ಗಿ ಬರುವ ಎಕ್ಸ್‌ಪ್ರೆಸ್. ಮನುಷ್ಯ ಎಷ್ಟು ಜೋರಾಗಿ ಓಡಿಯಾನು? ಖನ್ನಾದಲ್ಲಿ ಸಿಕ್ಕಿದ್ದು ಕೆಲವೇ ನಿಮಿಷ. ಸಿಯಾಲ್ದಾ ಎಕ್ಸ್‌ಪ್ರೆಸ್ ಬಂದು ಅಪ್ಪಳಿಸಿತು. 200ಕ್ಕೂ ಹೆಚ್ಚು ಜನ ಸತ್ತರು. ಕಾಲು ಸೋಲುವ ಕಡೆ ಗೆಲ್ಲಬಲ್ಲದ್ದು ರೇಡಿಯೋ ಅಲೆ ಮಾತ್ರ.

ಆ ಅಲೆಯನ್ನು ನಂಬಿ ಮಳೆಗಾಲ ಕಳೆಯುವ ಜನ ನಮ್ಮ ಕರಾವಳಿಯಲ್ಲೇ ಇದ್ದಾರೆ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನ ತನಕ, ಕಾರವಾರ, ಕುಮಟಾ, ಉಡುಪಿಗಳನ್ನು ದಾಟಿ ಬರುವ ಕೊಂಕಣ ರೈಲು ಮಾರ್ಗದಲ್ಲಿ ಆಷಾಢದ ಮಳೆ ಎಂದರೆ ಗುಡ್ಡ ಜಾರುವ ಕಾಲ. 2003ರ ಜೂನ್ 22ರ ರಾತ್ರಿ ಮಹಾರಾಷ್ಟ್ರದ ವೈಭವವಾಡಿ ಬಳಿ ಕುಸಿದ ಬಂಡೆಗಳಿಗೆ ರೈಲು ಡಿಕ್ಕಿ ಹೊಡೆದು ಐವತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಇಂದು ಅಲ್ಲಿ ಮಳೆಗಾಲದ ಗಸ್ತಿನವರು ಹಗಲಿರುಳು ಹಳಿ ನೋಡುತ್ತ ನಡೆಯುತ್ತಾರೆ. ಪ್ರತಿ ನಿಲ್ದಾಣದಲ್ಲೂ 25 ವ್ಯಾಟ್‌ನ ವಿಎಚ್ಎಫ್ ರೇಡಿಯೋ ಕೇಂದ್ರವಿದೆ. ಲೋಕೋ ಪೈಲಟ್ ಮತ್ತು ಗಾರ್ಡ್ ಕೈಯಲ್ಲಿ ವಾಕಿ-ಟಾಕಿ. ಮಳೆ ದಟ್ಟವಾಗಿ ಮುಂದಿನ ಹಳಿ ಮಸುಕಾದರೆ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಇಳಿಸಬೇಕು. ಕೊಡೆಯೂ ನಿಲ್ಲದ ಗಾಳಿಯಲ್ಲಿ, ಕೆಸರು ತುಂಬಿದ ಚರಂಡಿಯ ಪಕ್ಕ ನಿಂತು, "ಗುಡ್ಡ ಜಾರಿದೆ, ಗಾಡಿ ನಿಲ್ಲಿಸಿ ಸಾರ್" ಎಂದು ಒಬ್ಬ ಗಸ್ತಿನವನು ಹೇಳುವ ಮಾತು ನೂರಾರು ಜನರ ಜೀವಕ್ಕೆ ಸಮ.

ಆದರೆ ಮಾತು ಕೇಳಿಸಿದರೂ ಬ್ರೇಕ್ ಹಾಕುವ ಕೈ ತಡವಾದರೆ? ಸಿಗ್ನಲ್ ನೋಡುವ ಕಣ್ಣು ಒಂದು ಗಳಿಗೆ ಸೋತರೆ? ಅಲೆಯೇ ನೇರ ಬ್ರೇಕಿಗೆ ಆಜ್ಞೆ ಕೊಡಬೇಕು. ಆ ಕೆಲಸ ಮಾಡುವ ನಮ್ಮ ರೈಲ್ವೆಯ ವ್ಯವಸ್ಥೆಯೇ ‘ಕವಚ’.

ಎಲ್ಲೋ ದೂರದಲ್ಲಿ ಅಲ್ಲ, ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ, ನಮ್ಮ ಕಲ್ಯಾಣ ಕರ್ನಾಟಕದ ನೆಲವನ್ನೂ ಮುಟ್ಟುವ ಹಳಿಗಳ ಮೇಲೆ ಇದರ ಪರೀಕ್ಷೆ ನಡೆಯಿತು. 2016ರಲ್ಲಿ ಪ್ರಯಾಣಿಕರ ಗಾಡಿಗಳಲ್ಲಿ ಪ್ರಯೋಗ ಶುರುವಾಯಿತು. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಗೆ ಪಡೆಯಿತು. ಹಳಿಗಳ ನಡುವೆ ಕೂರಿಸಿದ ಆರ್‌ಎಫ್‌ಐಡಿ ಟ್ಯಾಗ್‌ಗಳನ್ನು ಓದಿ ಎಂಜಿನ್ ತಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ. ನಿಲ್ದಾಣದ ಯಂತ್ರವೂ ಎಂಜಿನ್‌ನ ಯಂತ್ರವೂ ಯುಎಚ್ಎಫ್ ರೇಡಿಯೋ ಮೂಲಕ ಎಡೆಬಿಡದೆ ಮಾತಾಡುತ್ತವೆ. ಮುಂದೆ ಕೆಂಪು ಇದೆ, ಚಾಲಕ ನಿಲ್ಲಿಸುತ್ತಿಲ್ಲ ಎಂದಾದರೆ ಯಂತ್ರ ತಾನೇ ಬ್ರೇಕ್ ಹಾಕುತ್ತದೆ. ಒಂದು ಗಾಡಿ ಆಪತ್ತಿಗೆ ಸಿಕ್ಕರೆ ಎಸ್‌ಒಎಸ್ ಕರೆ ಹೊರಟು ಸುತ್ತಲಿನ ಗಾಡಿಗಳನ್ನು ತಡೆಯುತ್ತದೆ. ಖನ್ನಾದಲ್ಲಿ ಇಲ್ಲದೆ ಹೋದದ್ದು ಇದೇ.

2022ರ ಮಾರ್ಚ್ 4. ಅದೇ ಮಾರ್ಗದ ಗುಲ್ಲಗುಡ ಮತ್ತು ಚಿಟಗಿಡ್ಡ ನಿಲ್ದಾಣಗಳ ನಡುವೆ ಒಂದೇ ಹಳಿಯ ಮೇಲೆ ಎರಡು ಎಂಜಿನ್‌ಗಳನ್ನು ಎದುರುಬದುರು ಬಿಡಲಾಯಿತು. ಒಂದರಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್, ಇನ್ನೊಂದರಲ್ಲಿ ರೈಲ್ವೆ ಮಂಡಳಿ ಅಧ್ಯಕ್ಷ ವಿ.ಕೆ. ತ್ರಿಪಾಠಿ. ಓಸ್ಟಾದ ಸ್ಥಿತಿಯೇ, ಈ ಬಾರಿ ಬೇಕೆಂದೇ ತಂದುಕೊಂಡದ್ದು. ಗಾಜಿನಾಚೆ ಎದುರಿನ ಎಂಜಿನ್. ಅಂತರ ಕರಗುತ್ತಿದೆ. ಬ್ರೇಕ್ ಹಿಡಿಯಲು ಚಾಲಕನ ಕೈ ಹೋಗುವಂತಿಲ್ಲ. ಅಲೆ ಮಾತಾಡಬೇಕು, ಯಂತ್ರ ಕೇಳಬೇಕು. ಇನ್ನೂ ಹತ್ತಿರ. ಇನ್ನೂ...

ಬ್ರೇಕ್ ಬಿತ್ತು. ಎಂಜಿನ್‌ಗಳು ನಿಂತವು. ನಡುವೆ 380 ಮೀಟರ್ ಅಂತರ ಉಳಿದಿತ್ತು.

ಆ 380 ಮೀಟರ್ ಓಸ್ಟಾದ 86 ಜನರಿಗೆ ಸಿಗಬೇಕಿತ್ತು, ಖನ್ನಾದ ನಿದ್ದೆಗಣ್ಣಿನ ಪ್ರಯಾಣಿಕರಿಗೆ ಸಿಗಬೇಕಿತ್ತು. ನಮ್ಮ ದೇಶದ ಹಳಿಗಳ ಬಹುಭಾಗಕ್ಕೆ ಕವಚ ಇನ್ನೂ ಬರಬೇಕಿದೆ. ಹೊಸ ನಿಲ್ದಾಣದ ಮೆರುಗು, ಹೊಸ ಗಾಡಿಯ ವೇಗ ಎಲ್ಲವೂ ಬೇಕು, ನಿಜ. ಆದರೆ ಸಾಲಿನಲ್ಲಿ ಮೊದಲು ನಿಲ್ಲಬೇಕಾದದ್ದು ಈ ರೇಡಿಯೋ ಗೋಪುರ, ಈ ಟ್ಯಾಗ್, ಲೋಕೋ ಪೈಲಟ್ ಕೈಯ ಈ ವಾಕಿ-ಟಾಕಿ. ಟಿಕೆಟ್ ಕೊಂಡು ಗಾಡಿ ಹತ್ತುವ ನಾವು ಇದನ್ನು ಹಕ್ಕಿನಿಂದ ಕೇಳಬೇಕು, ಸಿಗುವ ತನಕ ಕೇಳುತ್ತಲೇ ಇರಬೇಕು.