ಕೊಳವೆಯೊಳಗಿನ ನೆಗ್ಗು

ಹಳೆಯ ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಲಿವರ್-ಆ್ಯಕ್ಷನ್ ರೈಫಲ್ ಗೊತ್ತು, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೇ. ಕುದುರೆಯ ಮೇಲಿನ ನಾಯಕ ಬಂದೂಕಿನ ಹಿಡಿಯ ಕೆಳಗಿರುವ ಬಳೆಯಂಥ ಸನ್ನೆಯನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆಯುತ್ತಾನೆ. ಚಕ್-ಚಕ್ ಎಂದು ಸದ್ದಾಗುತ್ತದೆ. ಖಾಲಿ ಕಾಡತೂಸು ಹಾರಿಬಿದ್ದು ಹೊಸದು ಬಂದು ಕೂರುತ್ತದೆ. ಆ ಹೊಸದು ಎಲ್ಲಿಂದ ಬಂತು ಎಂದು ಟಾಕೀಸಿನಲ್ಲಿ ಕೂತ ನಮಗ್ಯಾರಿಗೂ ಅನಿಸಿರಲಿಲ್ಲ. ಅದು ಬರುವುದು ನಳಿಗೆಯ ಅಡಿಯಲ್ಲಿ, ಅದಕ್ಕೆ ಸಮಾನಾಂತರವಾಗಿ ಇರುವ ಇನ್ನೊಂದು ತೆಳು ಕೊಳವೆಯಿಂದ. ಅದೇ ಮ್ಯಾಗಜಿನ್. ಒಳಗೆ ಒಂದು ಉದ್ದನೆಯ ಸ್ಪ್ರಿಂಗು, ಅದರ ತುದಿಗೆ ಟೋಪಿಯಂಥ ಒಂದು ತುಂಡು, ಅದರ ಮುಂದೆ ಸಾಲಾಗಿ ಒಂದರ ಹಿಂದೊಂದು ಮಲಗಿದ ಕಾಡತೂಸುಗಳು. ಆ ಟೋಪಿಗೆ ಅಲ್ಲಿನವರು ಫಾಲೋವರ್ ಎನ್ನುತ್ತಾರೆ. ಸ್ಪ್ರಿಂಗು ತಳ್ಳುತ್ತದೆ, ಸಾಲು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಈ ಏರ್ಪಾಡಿಗೆ ನೂರಾ ಅರವತ್ತು ವರ್ಷ ದಾಟಿದೆ. 1860ರಲ್ಲಿ ಪೇಟೆಂಟ್ ಪಡೆದ ಹೆನ್ರಿ ರೈಫಲ್ಲಿನ ಮ್ಯಾಗಜಿನ್ನಿಗೆ ಕೆಳಗಡೆ ಉದ್ದಕ್ಕೂ ಒಂದು ಸೀಳು ಇತ್ತು. ಅದರೊಳಗೆ ಮಣ್ಣು, ಕಸ ಎಲ್ಲ ಹೋಗುತ್ತಿತ್ತು, ಸೀಳಿನ ಅಂಚು ಸ್ವಲ್ಪ ಬಾಗಿದರೂ ಟೋಪಿ ಸಿಕ್ಕಿಕೊಳ್ಳುತ್ತಿತ್ತು. 1866ರ ವಿಂಚೆಸ್ಟರ್‌ನಲ್ಲಿ ನೆಲ್ಸನ್ ಕಿಂಗ್ ಎಂಬಾತ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು ಇಟ್ಟ. ಅಲ್ಲಿಂದಲೇ ಕಾಡತೂಸು ತುಂಬಬಹುದಾದ್ದರಿಂದ ಸೀಳು ಬೇಕಾಗಲಿಲ್ಲ, ಕೊಳವೆ ಪೂರ್ತಿ ಮುಚ್ಚಿತು. ಮುಂದೆ ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾಡೆಲ್ಲು ಅಮೆರಿಕದ ಹಳ್ಳಿಮನೆಗಳಲ್ಲಿ ನಮ್ಮ ಮನೆಯ ಕುಡುಗೋಲಿನಷ್ಟೇ ಸಾಮಾನ್ಯವಾಯಿತು. ಅದರ ಹತ್ತು ಲಕ್ಷದನೆಯ ರೈಫಲ್ಲನ್ನು 1927ರಲ್ಲಿ ಅಧ್ಯಕ್ಷ ಕೂಲಿಜ್ ಅವರಿಗೆ ಕೊಟ್ಟರಂತೆ. ನ್ಯೂ ಹೇವನ್ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತದ್ದು 2006ರಲ್ಲಿ.

ಇಷ್ಟೆಲ್ಲ ಹೇಳುತ್ತಿರುವ ನಾನು ಬಂದೂಕನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಊರು ಸಂಕೇಶ್ವರ. ಕಳೆದ ಹತ್ತೊಂಬತ್ತು ವರ್ಷಗಳಿಂದ ಪುಣೆಯ ಚಾಕಣದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಅಕ್ಕನ ಮಗ ಪೆನ್ಸಿಲ್ವೇನಿಯಾದಿಂದ ಫೋನು ಮಾಡಿ, "ಮಾಮಾ, ತೆಳು ಪೈಪಿನ ನೆಗ್ಗು ಒಳಗಿಂದ ಹೆಂಗ ತೆಗೀತಾರ?" ಎಂದು ಕೇಳಿದ್ದರಿಂದ ಈ ವಿಷಯ ನನ್ನ ತಲೆಗೆ ಹೊಕ್ಕಿತು.

ಅವನ ಪಕ್ಕದ ಮನೆಯಲ್ಲಿ ಒಬ್ಬ ಮುದುಕ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಹಿಮ ಬಿದ್ದ ದಿನ ನಮ್ಮ ಹುಡುಗ ಅವನ ಬಾಗಿಲ ಮುಂದಿನ ಹಿಮ ತೆಗೆದುಕೊಡುತ್ತಾನೆ, ಅವನು ಇವನಿಗೆ ಕಾರು ರಿಪೇರಿ ಹೇಳಿಕೊಡುತ್ತಾನೆ. ಆ ಮುದುಕನ ಬಳಿ ಅವನಜ್ಜ ಕೊಂಡಿದ್ದ 1894 ಮಾಡೆಲ್ಲಿನ ರೈಫಲ್ ಇತ್ತು. ಯಾವುದೋ ಬೇಟೆಯಲ್ಲಿ ಕಲ್ಲಿಗೆ ಬಡಿದು ಮ್ಯಾಗಜಿನ್ ಕೊಳವೆ ನೆಗ್ಗಿತ್ತು. ಆ ರಾಜ್ಯದಲ್ಲಿ ಜಿಂಕೆ ಬೇಟೆಯ ಹಂಗಾಮು ಶುರುವಾಗುವುದು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆನ್ನಿಗೇ. 2019ಕ್ಕಿಂತ ಮೊದಲು ಹಬ್ಬದ ನಂತರದ ಸೋಮವಾರ ಇತ್ತು, ಈಗ ಶನಿವಾರ. ಆ ದಿನ ಮೊಮ್ಮಗಳ ಕೈಗೆ ಅಜ್ಜನ ರೈಫಲ್ ಕೊಡಬೇಕೆಂಬುದು ಅವನ ಆಸೆ. ಊರಿನ ಬಂದೂಕು ರಿಪೇರಿಯವನು ನೋಡಿ, "ಹೊಸ ಕೊಳವೆ ಹಾಕಿಸು, ಸಿಗುತ್ತದೆ" ಎಂದಿದ್ದ. ಮುದುಕನಿಗೆ ಮನಸ್ಸಿರಲಿಲ್ಲ. ಅಜ್ಜ ಹಿಡಿದು ಹಿಡಿದು ಸವೆದ ನೀಲಿ ಬಣ್ಣ ಆ ಕೊಳವೆಯ ಮೇಲಿತ್ತು.

ಒಂದು ನೆಗ್ಗಿನಿಂದ ಏನಾಗುತ್ತದೆ ಎಂದು ನಿಮಗನಿಸಬಹುದು. ನನಗೂ ಅನಿಸಿತ್ತು. ಕಾಡತೂಸಿಗೂ ಕೊಳವೆಯ ಒಳಗೋಡೆಗೂ ನಡುವೆ ಇರುವ ಜಾಗ ಬಹಳ ಕಡಿಮೆ. ನೆಗ್ಗು ಸ್ವಲ್ಪ ಆಳವಾದರೂ ಟೋಪಿ ಅಲ್ಲೇ ತಡೆದು ನಿಲ್ಲುತ್ತದೆ, ಆರೇಳು ಹಿಡಿಯುವ ಕೊಳವೆ ಮೂರಕ್ಕೇ ಸಾಕೆನ್ನುತ್ತದೆ. ಇದು ಬರೀ ತೊಂದರೆ. ಇನ್ನೊಂದು ಅಪಾಯ. ಒತ್ತಿ ತುಂಬಿದಾಗ ಒಂದು ಕಾಡತೂಸು ನೆಗ್ಗನ್ನು ದಾಟಿ ಆಚೆ ಹೋಗುತ್ತದೆ, ಮರಳಿ ಬರುವುದಿಲ್ಲ. ಬೇಟೆಯವನು ಮನೆಗೆ ಬಂದು ಸನ್ನೆಯನ್ನು ಮತ್ತೆ ಮತ್ತೆ ಆಡಿಸುತ್ತಾನೆ, ಏನೂ ಹೊರಬೀಳುವುದಿಲ್ಲ, ಬಂದೂಕು ಖಾಲಿ ಎಂದು ಗೋಡೆಗೆ ನೇತುಹಾಕುತ್ತಾನೆ. ಒಳಗೆ ಒಂದು ಕಾದು ಕೂತಿರುತ್ತದೆ. ಎಂದೋ ಒಂದು ದಿನ ಕುಲುಕಾಡಿ ಹಿಂದೆ ಬಂದರೆ, ಯಾರೋ ಮಗು ಸನ್ನೆ ಎಳೆದರೆ? ಆದ್ದರಿಂದ ಮೊದಲ ಕೆಲಸ ಪಕ್ಕದ ಬಾಗಿಲು ಒತ್ತಿ ಟೋಪಿ ಹಿಂದಿನ ತುದಿಗೆ ಬಂದಿದೆಯೇ ಎಂದು ಕಣ್ಣಾರೆ ನೋಡುವುದು. ಕಾಣದಿದ್ದರೆ ಖಾಲಿ ಎಂದು ನಂಬುವ ಹಾಗಿಲ್ಲ. ಇದನ್ನು ಆ ರಿಪೇರಿಯವನಿಂದಲೇ ಮಾಡಿಸಿ, ಕೊಳವೆಯನ್ನು ಬಿಚ್ಚಿಸಿಕೊಂಡು ಬರೀ ಕೊಳವೆಯನ್ನಷ್ಟೇ ಮನೆಗೆ ತನ್ನಿ ಎಂದು ಹುಡುಗನಿಗೆ ಹೇಳಿದೆ. ಮುಂದಿನ ತುದಿಯ ಮುಚ್ಚಳಕ್ಕೆ ಒಂದು ಸ್ಕ್ರೂ ಇರುತ್ತದೆ. ಅದನ್ನು ತೆಗೆದ ಕೂಡಲೇ ಸ್ಪ್ರಿಂಗು ಮುಚ್ಚಳವನ್ನು ಕಣ್ಣಿಗೇ ಹಾರಿಸೀತು, ಬೆರಳಿಂದ ಒತ್ತಿಹಿಡಿದೇ ಬಿಚ್ಚಬೇಕು.

ಎರಡೂ ಬಾಯಿ ತೆರೆದ ತೆಳು ಉಕ್ಕಿನ ಕೊಳವೆ ಕೈಗೆ ಬಂದ ಮೇಲೆ ಅದು ನಾನು ಬಲ್ಲ ವಿಷಯವಾಯಿತು. ಕೊಳವೆಯ ನೆಗ್ಗದ ಭಾಗದ ಒಳ ಅಳತೆ ತೆಗೆಯಬೇಕು. ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದಾದ ಉಕ್ಕಿನ ಗಟ್ಟಿ ಸಲಾಕೆಯನ್ನು ಲೇತಿನಲ್ಲಿ ತಿರುವಬೇಕು. ನಾವು ಅದಕ್ಕೆ ಮ್ಯಾಂಡ್ರೆಲ್ ಎನ್ನುತ್ತೇವೆ. ಅದರ ಮೂತಿ ನಿಧಾನವಾಗಿ ಇಳಿಜಾರಾಗಿ, ಕನ್ನಡಿಯಂತೆ ನುಣುಪಾಗಿರಬೇಕು. ಒಂದಲ್ಲ, ಮೂರು ಬೇಕು: ಒಂದಕ್ಕಿಂತ ಒಂದು ಸ್ವಲ್ಪ ದಪ್ಪ. ಎಣ್ಣೆ ಹಚ್ಚಿ ಸಣ್ಣದನ್ನು ಮೊದಲು ತೂರಿಸಿ, ನೆಗ್ಗಿನ ಕೆಳಗೆ ತಂದು ನಿಲ್ಲಿಸಿ, ಆಮೇಲೆ ದೊಡ್ಡದು. ಬಿಸಿ ಮಾಡುವಂತಿಲ್ಲ, ಮಾಡಿದರೆ ಆ ಹಳೆಯ ನೀಲಿ ಹೋಗುತ್ತದೆ. ಮುದುಕನ ಗ್ಯಾರೇಜಿನಲ್ಲಿ ಸಣ್ಣ ಲೇತು ಇತ್ತು, ಅವನ ಕೈಗೆ ಅಭ್ಯಾಸವೂ ಇತ್ತು. ಎರಡು ಶನಿವಾರಗಳಲ್ಲಿ ಮೂರು ಸಲಾಕೆ ತಯಾರಾದವು. ಎರಡನೆಯದು ಹೊಕ್ಕಿತು. ಮೂರನೆಯದು ನೆಗ್ಗಿನ ಬಳಿ ನಿಂತುಬಿಟ್ಟಿತು. ಬಲವಾಗಿ ಹೊಡೆದರೆ ಕೊಳವೆಯೇ ಸೀಳೀತು ಎಂದು ಅವನು ಕೈ ತಡೆದ.

ನನಗೆ ತಿಳಿದದ್ದು ಇಷ್ಟೇ. ಕಾರ್ಖಾನೆಯಲ್ಲಿ ನಾವು ನೆಗ್ಗಿದ ಪೈಪನ್ನು ಕೆಂಪು ಡಬ್ಬಿಗೆ ಎಸೆಯುತ್ತೇವೆ, ನೆಟ್ಟಗೆ ಮಾಡುವುದಿಲ್ಲ. ಒಂದು ತುಂಡಿನ ಮೇಲೆ ಹತ್ತು ನಿಮಿಷ ಕಳೆಯುವುದು ಲೆಕ್ಕಕ್ಕೆ ಕೂಡುವುದಿಲ್ಲ. ನೆಗ್ಗು ತೆಗೆದೇ ಜೀವನ ಮಾಡಿದವರು ನಮ್ಮಪ್ಪ.

ಸಂಕೇಶ್ವರದ ಪೇಟೆಯಲ್ಲಿ ಅಪ್ಪನದು ಹಿತ್ತಾಳೆ, ತಾಮ್ರದ ಪಾತ್ರೆ ರಿಪೇರಿಯ ಅಂಗಡಿ. ನೆಗ್ಗಿದ ಕೊಡ, ಹಂಡೆ, ಸೋರುವ ಚರಿಗೆ, ಕಲಾಯಿ. ಸಣ್ಣ ಬಾಯಿಯ ಕೊಡದೊಳಗೆ ಕೈ ಹೋಗುವುದಿಲ್ಲ. ತುದಿಗೆ ಗುಂಡಗಿನ ತಲೆಯಿರುವ, ಕತ್ತು ಬಾಗಿದ ಕಬ್ಬಿಣದ ಸಲಾಕೆಗಳನ್ನು ಒಳಗೆ ಬಿಟ್ಟು ಹೊರಗಿಂದ ಮರದ ಕೊಡತಿಯಲ್ಲಿ ತಟ್ಟುತ್ತಿದ್ದರು. ಪ್ಲಾಸ್ಟಿಕ್ ಕೊಡ ಬಂತು, ಸ್ಟೀಲು ಬಂತು, ಮನೆಮನೆಗೆ ನಲ್ಲಿ ಬಂತು. ಈಗ ಅಪ್ಪನಿಗೆ ಎಪ್ಪತ್ತಾರು, ಬಲಗೈ ನಡುಗುತ್ತದೆ. ಅಂಗಡಿ ಖಾಲಿ ಮಾಡಿ ಎಂದು ಮಾಲೀಕರು ದೀಪಾವಳಿಯ ಗಡುವು ಕೊಟ್ಟಿದ್ದರು. ಸಾಮಾನುಗಳನ್ನು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಡುವುದೆಂದು ಮಾತಾಗಿತ್ತು. ಪುಣೆಗೆ ಬನ್ನಿ ಎಂದರೆ, "ಅಲ್ಲಿ ಬಂದು ನಾನೇನು ಲಿಫ್ಟ್ ಕಾಯಲೇನು?" ಎನ್ನುತ್ತಿದ್ದರು.

ಫೋನಿನಲ್ಲಿ ಬಂದೂಕಿನ ವಿಷಯ ಹೇಳಿದಾಗ ಅವರು ಬಂದೂಕಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. "ತೆಗ್ಗಿನ ಅಂಚು ಹೆಂಗೈತಿ? ದುಂಡಗೈತೋ, ಗೆರಿ ಬಿದ್ದೈತೋ?" ಎಂದರು. ಒಂದು ಕಡೆ ಗೆರೆ ಬಿದ್ದಿದೆ ಎಂದೆ.

"ಹಂಗಾದ್ರ ನಡಕ ಎತ್ತಾಕ ಹೋಗಬ್ಯಾಡ. ಆ ಗೆರಿ ಕಡೀಕ ಬಂದದ್ದು. ಕಡೀಕ ಬಂದದ್ದು ಮೊದಲ ಹೋಗಬೇಕು. ಒಳಗ ಸಲಾಕಿ ಬಿಗಿಯಾಗಿ ನಿಂದರ್ಲಿ, ಹೊರಗ ಗೆರಿ ಮ್ಯಾಲ ಹಗೂರಕ ತಟ್ಟಕೋತ ಸುತ್ತ ಬರ್ಲಿ. ಅಂಚು ಬಿಟ್ಟಿತಂದ್ರ ನಡಕಿಂದು ತಾನ ಏಳತೈತಿ."

ಯೋಚಿಸಿ ನೋಡಿದರೆ ಲೋಹಶಾಸ್ತ್ರದ ಮಾತೇ ಅದು. ನೆಗ್ಗಿನ ಸುತ್ತ ಉಬ್ಬಿದ ಅಂಚು ಬಿಗಿದು ಗಟ್ಟಿಯಾಗಿರುತ್ತದೆ, ನಡುವಿನ ಭಾಗವನ್ನು ಮೇಲೇಳದಂತೆ ಅದೇ ಹಿಡಿದಿರುತ್ತದೆ. ಒಳಗಿಂದ ಬಲವಂತವಾಗಿ ಒತ್ತಿದರೆ ಲೋಹ ಹಿಗ್ಗುತ್ತದೆ. ಹಿಗ್ಗಿದ ಲೋಹ ಮತ್ತೆ ತನ್ನ ಜಾಗಕ್ಕೆ ಹೊಂದುವುದಿಲ್ಲ, ನೆಗ್ಗಿದ್ದಲ್ಲಿ ಗುಬುಟು ಬರುತ್ತದೆ.

ಅಪ್ಪ ಇನ್ನೊಂದು ಕೇಳಿದರು: "ಬಡಿಯೋ ಸಪ್ಪಳ ಕೇಳಸು." ಅಡಿಯಲ್ಲಿ ಸಲಾಕೆ ಕೂತಿರದಿದ್ದರೆ ಪೊಳ್ಳು ಸದ್ದು, ಲೋಹ ಸಲಾಕೆಗೆ ತಾಗಿದ ಕೂಡಲೇ ಸದ್ದು ಗಟ್ಟಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ವಿಡಿಯೋ ಕಾಲ್ ಹಚ್ಚಿದೆವು. ಆ್ಯಪಿಗೆ ಸುತ್ತಿಗೆಯ ಪೆಟ್ಟು ಗದ್ದಲವಾಗಿ ಕೇಳುತ್ತದಂತೆ, ಅದನ್ನೇ ಅಳಿಸಿ ಬರೀ ಮಾತು ಕಳಿಸುತ್ತಿತ್ತು. ಕೊನೆಗೆ ಹುಡುಗ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಕಳಿಸತೊಡಗಿದ. ಅಕ್ಕ ಅಪ್ಪನ ಕಿವಿಗೆ ಫೋನು ಹಿಡಿಯುವಳು. ಅಪ್ಪ ಕಣ್ಣು ಮುಚ್ಚಿ ಕೇಳಿ, "ಇನ್ನೂ ಪೊಳ್ಳೈತಿ" ಎನ್ನುವರು. ಅದು ನನ್ನಿಂದ ಇಂಗ್ಲಿಷಿನಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋಗುವುದು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ರೆಕಾರ್ಡಿಂಗ್ ಕೇಳಿ ಅಪ್ಪ, "ಸಾಕು. ಇನ್ನೊಂದ ಪೆಟ್ಟು ಹಾಕಬ್ಯಾಡ ಅನ್ನು" ಎಂದರು. ಮೂರನೆಯ ಸಲಾಕೆ ಎಣ್ಣೆಯ ಮೇಲೆ ಜಾರಿ ಈಚೆಯಿಂದಾಚೆ ಹೋಯಿತು.

ಹೊರಗಿನಿಂದ ನೋಡಿದರೆ ನೆಗ್ಗು ಪೂರ್ತಿ ಹೋಗಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ನೆರಳು ಕಾಣುತ್ತದೆ. ಅದನ್ನೂ ತೆಗೆಯಬೇಕೆಂದರೆ ಅರ ಹಾಕಿ ಉಜ್ಜಿ ಹೊಸ ಬಣ್ಣ ಕೊಡಬೇಕಿತ್ತು, ಅಜ್ಜನ ಕೈ ಅಳಿಸಿಹೋಗುತ್ತಿತ್ತು. ಮುದುಕ ಬೇಡವೆಂದ. ರಿಪೇರಿಯವನು ಎಲ್ಲ ಜೋಡಿಸಿ, ಗುಂಡಿಲ್ಲದ ಡಮ್ಮಿ ಕಾಡತೂಸು ತುಂಬಿ, ಸನ್ನೆ ಆಡಿಸಿ, ಎಣಿಸಿ ನೋಡಿದ. ಒಳಗೆ ಹೋದಷ್ಟೂ ಹೊರಗೆ ಬಂದವು. ಟೋಪಿ ಹಿಂದಿನ ತುದಿಯಲ್ಲಿ ಕಾಣಿಸಿತು. ಮೊಮ್ಮಗಳಿಗೆ ಆ ಶನಿವಾರ ಜಿಂಕೆ ಸಿಗಲಿಲ್ಲವಂತೆ. ಅದರಿಂದ ನನಗೆ ಸಮಾಧಾನವೇ ಆಯಿತು, ಅಪ್ಪನಿಗೂ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಗುಜರಿಯವನು ತಕ್ಕಡಿ ತಂದಿದ್ದ. ತಿದಿ, ಒಡೆದ ಇಕ್ಕಳ, ಕಲಾಯಿಯ ಸಾಮಾನು ಎಲ್ಲ ತೂಕಕ್ಕೆ ಹೋದವು, ಅಪ್ಪ ತಾವೇ ಎತ್ತಿ ಎತ್ತಿ ಕೊಟ್ಟರು. ಬಾಗುಕತ್ತಿನ ಸಲಾಕೆಗಳ ಸರದಿ ಬಂದಾಗ ಒಟ್ಟು ಹನ್ನೊಂದರಲ್ಲಿ ನಾಲ್ಕನ್ನು ಬದಿಗಿಟ್ಟು, "ಇವು ನಿನ್ನ ಚೀಲಕ್ಕ ಹಾಕ್ಕೋ" ಎಂದರು. ಯಾಕೆ ಆ ನಾಲ್ಕೇ ಎಂದು ಕೇಳಿದೆ. ಉಳಿದವು ದೊಡ್ಡ ಹಂಡೆಯವು, ಅಂಥ ಹಂಡೆ ಇನ್ನು ಯಾರ ಮನೆಯಲ್ಲೂ ಇಲ್ಲ ಎಂದರು. ಈ ನಾಲ್ಕು ಸಣ್ಣ ಬಾಯಿಯವಕ್ಕೆ. ಪುಣೆಯ ನನ್ನ ಫ್ಲ್ಯಾಟಿನಲ್ಲಿ ಅವಕ್ಕೆ ಸದ್ಯಕ್ಕೆ ಕೆಲಸವಿಲ್ಲ. ವಾರಕ್ಕೊಮ್ಮೆ ಫೋನು ಮಾಡಿದಾಗ ಅಪ್ಪ ಕೇಳುವುದು ಮಾತ್ರ ಒಂದೇ: "ಎಣ್ಣಿ ಹಚ್ಚೀಯೇನು? ತುಕ್ಕು ಹಿಡದೀತು."