ಸಾರಮೇಯನ ಅನಧ್ಯಾಯ

ಗುರುಶಿಷ್ಯರ ನಡುವೆ ನಾಯಿಯೊಂದು ಹಾದುಹೋದರೆ ಒಂದು ಹಗಲು ಒಂದು ಇರುಳು ಪಾಠವನ್ನು ನಿಲ್ಲಿಸಬೇಕೆಂದು ಮನುಸ್ಮೃತಿಯಲ್ಲಿ ವಿಧಿಯುಂಟು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಂಸ್ಕೃತವನ್ನು ಪಾಠ ಹೇಳಿದ ನಾನು ಇದನ್ನು ಹೇಳಿ ಹುಡುಗರನ್ನು ನಗಿಸಿದ್ದುಂಟೇ ಹೊರತು, ಅನಧ್ಯಾಯವೆಂಬುದರ ಬೆಲೆಯನ್ನು ಅರಿತುದು ನಿವೃತ್ತನಾದ ಮೇಲೆ. ಅದೂ ಒಂದು ನಾಯಿಮರಿಯ ದೆಸೆಯಿಂದ.

ಕಳೆದ ಮಾಘಮಾಸದಲ್ಲಿ, ಬಾಗಲಕೋಟೆಯಲ್ಲಿರುವ ನಮ್ಮ ಅಳಿಯಂದಿರು ಮುಧೋಳ ತಳಿಯ ಮೂರು ತಿಂಗಳ ಮರಿಯೊಂದನ್ನು ತಂದು ಧಾರವಾಡದ ನಮ್ಮ ಮನೆಯಲ್ಲಿ ಬಿಟ್ಟುಹೋದರು. ನಿವೃತ್ತರಿಗೆ ಹೊತ್ತು ಹೋಗಬೇಕಲ್ಲವೆಂಬುದು ಅವರ ಅಭಿಪ್ರಾಯ. ಮುಧೋಳದ ಬೇಟೆನಾಯಿಯ ಖ್ಯಾತಿ ವಾಚಕರಿಗೆ ತಿಳಿಯದ್ದಲ್ಲ. ೨೦೦೫ರಲ್ಲಿ ಭಾರತೀಯ ಅಂಚೆಯವರು ಅದರ ಚಿತ್ರವುಳ್ಳ ಚೀಟಿಯನ್ನೇ ಹೊರಡಿಸಿದರು. ಬಡಕಲು ನಡು, ನೀಳವಾದ ಮೋರೆ, ಉದ್ದುದ್ದ ಕಾಲು. ಮೂಸಿ ಬೇಟೆಯಾಡುವ ಜಾತಿ ಇದಲ್ಲ, ಕಂಡು ಅಟ್ಟುವ ಜಾತಿ. ಬಯಲಿನಲ್ಲಿ ಮೊಲವನ್ನಟ್ಟಲು ಹುಟ್ಟಿದ ಪ್ರಾಣಿಗೆ ನಮ್ಮ ಪಡಸಾಲೆ ಎಷ್ಟರದು? ಹಾರುವ ಸೆರಗು, ಉರುಳುವ ನಿಂಬೆಹಣ್ಣು, ಓಡುವ ಅಳಿಲು, ಎಲ್ಲವೂ ಅದಕ್ಕೆ ಮೊಲವೇ. ದೇವಶುನಿಯಾದ ಸರಮೆಯ ಸಂತತಿಯೆಂದು ನಾನು ‘ಸಾರಮೇಯ’ನೆಂದು ಹೆಸರಿಟ್ಟೆನು; ಮೊಮ್ಮಗಳ ಬಾಯಲ್ಲಿ ಅದು ‘ಸಾರ್ಯಾ’ ಆಯಿತು.

ಚಾಪಲ್ಯಕ್ಕೆ ದಣಿವೇ ಮದ್ದೆಂದು ನನ್ನ ಬಹುಕಾಲದ ನಂಬಿಕೆ. ಬೆಳಗ್ಗೆ ಐದಕ್ಕೆ ಮರಿಯನ್ನೆಬ್ಬಿಸಿ ಒಂದು ತಾಸು, ಸಂಜೆ ಒಂದು ತಾಸು ರಸ್ತೆಯಲ್ಲಿ ಓಡಿಸಿದೆನು. ನಡುವೆ ಹಿತ್ತಲಿನಲ್ಲಿ ಚೆಂಡಾಟ. ವಾರದೊಳಗೆ ನನ್ನ ಮೊಣಕಾಲು ಹಿಡಿದುಕೊಂಡಿತು. ಸಾರಮೇಯನಾದರೋ ದಿನದಿನಕ್ಕೆ ಮತ್ತಷ್ಟು ಉದ್ಧತನಾದನು. ರಾತ್ರಿ ಎಂಟಾಯಿತೆಂದರೆ ಭೂತಸಂಚಾರವಾದವನಂತೆ ಪಡಸಾಲೆಗೂ ಅಡಿಗೆಮನೆಗೂ ಸುತ್ತು ಹಾಕುತ್ತ, ಸಿಕ್ಕ ಧೋತರವನ್ನೂ ಸಿಕ್ಕ ಹಿಮ್ಮಡಿಯನ್ನೂ ಕಚ್ಚುವನು. ನನ್ನ ಸಿದ್ಧಾಂತಕೌಮುದಿಯ ಸಮಾಸಪ್ರಕರಣಕ್ಕೆ ಅವನು ಮಾಡಿದಂತಹ ವಿಗ್ರಹವನ್ನು ಯಾವ ವೈಯಾಕರಣನೂ ಮಾಡಿರಲಾರನು. ಇದಕ್ಕೆ ನಾನು ಕಂಡ ಪರಿಹಾರವೆಂದರೆ ಮರುದಿನ ಇನ್ನೂ ಅರ್ಧ ತಾಸು ಹೆಚ್ಚಾಗಿ ಓಡಿಸಿದುದು!

ಹೀಗಿರಲು ಒಂದು ರಾತ್ರಿ ನಮ್ಮ ಮನೆಯವರು ಹಾಲಿನ ಪಾತ್ರೆಯನ್ನು ಹಿಡಿದು ಬರುತ್ತಿದ್ದಾಗ ಮರಿ ಕಾಲಿಗೆ ತೊಡರಿ, ಅವರು ಬಿದ್ದು ಮುಂಗೈ ಉಳುಕಿತು. ನಾನು ಸಿಟ್ಟಿನಿಂದ ಬೆತ್ತವನ್ನೆತ್ತಿದೆನು. ಮರಿ ಬಾಲವನ್ನು ಹೊಟ್ಟೆಗೆ ಸೇರಿಸಿ ಮೂಲೆಯಲ್ಲಿ ನಡುಗುತ್ತಿತ್ತು. ನೆಲದ ಮೇಲೆ ಕುಳಿತೇ ಅವರೆಂದರು: “ಹೊಡೀಬ್ಯಾಡ್ರಿ. ಸಾಕೂದು ಆಗದಿದ್ರ ತಿರುಗಿ ಕಳಿಸಿಬಿಡೋಣ.”

ಕಳುಹಿಸುವುದೆಂದೇ ನಿಶ್ಚಯವಾಯಿತು. ಅದಕ್ಕೆ ಮುಂಚೆ ಬಾಕಿಯಿದ್ದ ಚುಚ್ಚುಮದ್ದನ್ನು ಹಾಕಿಸಲು ಪಶುವೈದ್ಯರಲ್ಲಿಗೆ ಒಯ್ದು, ನನ್ನ ದುಃಖವನ್ನೆಲ್ಲ ತೋಡಿಕೊಂಡೆನು. ಅವರು ಕೇಳಿದ್ದು ಒಂದೇ ಮಾತು: “ಮಾಸ್ತರ, ಇದು ದಿನಕ್ಕ ಎಷ್ಟು ತಾಸು ಮಲಗತದ?”

ಓಡಿಸಿದ ಲೆಕ್ಕವೆಲ್ಲ ನನ್ನಲ್ಲಿತ್ತು, ಮಲಗಿದ ಲೆಕ್ಕವಿರಲಿಲ್ಲ. ಈ ವಯಸ್ಸಿನ ಮರಿಗೆ ಹದಿನೆಂಟು ತಾಸಿನಷ್ಟು ನಿದ್ರೆ ಬೇಕಂತೆ. ನಿದ್ರೆಗೆಟ್ಟ ಕೂಸು ಅಳುವಂತೆ, ನಿದ್ರೆಗೆಟ್ಟ ಮರಿ ಕಚ್ಚುತ್ತದೆ, ಓಡುತ್ತದೆ. ಅದನ್ನು ಕಸುವೆಂದು ತಿಳಿದು ನಾವು ಮತ್ತೆ ಓಡಿಸುತ್ತೇವೆ. ಅದರ ಮೇಲೆ, ಕಾಲಿನ ಎಲುಬುಗಳ ತುದಿಗಳು ಇನ್ನೂ ಬೆಳೆಯುತ್ತಿರುವುದರಿಂದ, ಒಂದು ವರ್ಷವಾದರೂ ತುಂಬುವವರೆಗೆ ಗಟ್ಟಿ ನೆಲದ ಮೇಲೆ ಬಲವಂತವಾಗಿ ಓಡಿಸಲೇಬಾರದೆಂದು ಅವರು ಕಟ್ಟುನಿಟ್ಟಾಗಿ ಹೇಳಿದರು.

ದಾರಿಯುದ್ದಕ್ಕೂ ನನಗೆ ನೆನಪಾದವನು ಬೇರೊಬ್ಬ. ಬಹಳ ಹಿಂದೆ ನನ್ನ ತರಗತಿಯಲ್ಲಿ ಒಂದು ಗಳಿಗೆಯೂ ನೆಟ್ಟಗೆ ಕೂಡದ ಹುಡುಗನೊಬ್ಬನಿದ್ದನು. ನಾನು ಅವನನ್ನು ಮೈದಾನದ ಸುತ್ತ ಓಡಿಸಿದೆನು, ಬೆಂಚಿನ ಮೇಲೆ ನಿಲ್ಲಿಸಿದೆನು. ತಂದೆಯ ಚಹದಂಗಡಿಯಲ್ಲಿ ನಡುರಾತ್ರಿಯವರೆಗೆ ಕಪ್ಪುಬಸಿ ತೊಳೆಯುತ್ತಿದ್ದನೆಂಬುದು ನನಗೆ ತಿಳಿದಿತ್ತು. ಎಷ್ಟು ತಾಸು ಮಲಗುವೆಯಪ್ಪಾ ಎಂದು ಒಮ್ಮೆಯೂ ಕೇಳಲಿಲ್ಲ. ಎಂಟನೆಯ ತರಗತಿಯಲ್ಲಿ ಅವನು ಶಾಲೆ ಬಿಟ್ಟನು. ಪಾಣಿನಿಯು ನಾಯಿ, ತರುಣ, ಇಂದ್ರ ಈ ಮೂವರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ್ದಾನೆಂಬ ಪಂಡಿತರ ಹಾಸ್ಯವನ್ನು ನಾನು ಅವನೆದುರಿಗೇ ಹೇಳಿದ್ದೆನು. ಈಗ ಅದನ್ನು ಹೇಳಲು ಬಾಯಿ ಬರುವುದಿಲ್ಲ.

ಅಳಿಯಂದಿರಿಗೆ ಒಂದು ತಿಂಗಳು ತಡೆಯಿರೆಂದು ತಿಳಿಸಿದೆನು. ಮಾಳಿಗೆಯ ಮೆಟ್ಟಿಲ ಕೆಳಗೆ ಗೋಣಿತಟ್ಟು ಹಾಸಿ, ಹಳೆಯ ಸೀರೆಯ ಪರದೆ ಕಟ್ಟಿದೆನು. ಒಂದು ತಾಸು ಎಚ್ಚರವಿದ್ದರೆ ಎರಡು ತಾಸು ಅಲ್ಲಿ ವಿಶ್ರಾಂತಿ. ಮೊದಲ ಮೂರು ದಿನ ಅವನು ಗೋಳಿಟ್ಟನು. ನಾನು ಪರದೆಯ ಬಳಿಯಲ್ಲಿಯೇ ಪುಸ್ತಕ ಹಿಡಿದು ಕುಳಿತೆನು. ನಾಲ್ಕನೆಯ ದಿನ ತಾನಾಗಿಯೇ ಒಳಹೊಕ್ಕನು. ಓಟದ ಬದಲು ಕಾಲು ತಾಸಿನ ನಿಧಾನವಾದ ತಿರುಗಾಟ, ಅದೂ ಬಿಸಿಲೇರುವ ಮುನ್ನ. ಟಾರಿನ ರಸ್ತೆ ಕಾದರೆ ಅಂಗಾಲು ಸುಡುತ್ತದೆ. ಬೇಲಿಯ ಬುಡ, ಕಲ್ಲು, ಕಂಬ, ಯಾವುದನ್ನು ಮೂಸಬೇಕೆನ್ನುವನೋ ಅಲ್ಲಿ ನಿಲ್ಲುವೆನು. ಕಣ್ಣಿನ ಬೇಟೆಗಾರನಾದರೂ ಮೂಗಿನ ಕೆಲಸ ಅವನನ್ನು ಓಟಕ್ಕಿಂತ ಬೇಗ ತಣಿಸುತ್ತದೆ. ರೊಟ್ಟಿಯ ಚೂರುಗಳನ್ನು ಹಳೆಯ ಪಂಚೆಯ ಮಡಿಕೆಗಳಲ್ಲಿ ಬಚ್ಚಿಟ್ಟರೆ ಹುಡುಕುತ್ತ ಬಹಳ ಹೊತ್ತು ಕಳೆಯುವನು. ಹಲ್ಲು ಬದಲಾಗುವ ತಿಂಗಳುಗಳಲ್ಲಿ ಅಗಿಯಲು ತಣ್ಣನೆಯ ಗಜ್ಜರಿ ಕೊಟ್ಟುದರಿಂದ ಕೌಮುದಿಯ ಉಳಿದ ಪ್ರಕರಣಗಳು ಉಳಿದುವು.

ಎಲ್ಲವೂ ಸರಿಹೋಯಿತೆಂದಲ್ಲ. ಅಳಿಲು ಇನ್ನೂ ಮೊಲವೇ. ವಾರಕ್ಕೊಮ್ಮೆ ಎಂಟರ ಭೂತ ಬಂದೇ ಬರುತ್ತದೆ. ರೊಟ್ಟಿ ತಟ್ಟುವಾಗ ಮನೆಯವರ ಮುಂಗೈ ಈಗಲೂ ನೋಯುತ್ತದೆ.

ಇದನ್ನು ಬರೆಯುತ್ತಿರುವಾಗ ಮಧ್ಯಾಹ್ನ ಮೂರು ಗಂಟೆ. ಪರದೆಯ ಸಂದಿನಲ್ಲಿ ಒಂದು ಉದ್ದನೆಯ ಕಾಲು ಹೊರಚಾಚಿ, ಕನಸಿನಲ್ಲಿ ಯಾವುದನ್ನೋ ಅಟ್ಟುತ್ತಿದೆ. ಶಾಲೆಯಿಂದ ಬಂದ ಮೊಮ್ಮಗಳು ಬಾಗಿಲಲ್ಲಿಯೇ ಕೂಗಲು ಬಾಯಿ ತೆರೆದಳು. ಒಳಗಿನಿಂದ ಅವಳಜ್ಜಿಯ ದನಿ ಕೇಳಿಸಿತು: “ಸಣ್ಣಗ ಮಾತಾಡವಾ, ಸಾರ್ಯಾ ಮಲಗ್ಯಾನ.”