ಹಿಂಬಾಗಿಲು ತೆಗೆದಿದೆಯಂತೆ!

ಹಳೇ ಕಾರು ಇಟ್ಟುಕೊಂಡವರಲ್ಲಿ ಎರಡು ಪಂಗಡ. ಡ್ಯಾಷ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ಗ್ಯಾರೇಜಿಗೆ ಓಡುವವರದು ಒಂದು. ಆ ದೀಪದ ಮೇಲೆ ಕಪ್ಪು ಟೇಪಿನ ಚೂರು ಅಂಟಿಸಿ ನೆಮ್ಮದಿಯಾಗಿ ಗಾಡಿ ಓಡಿಸುವವರದು ಇನ್ನೊಂದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎರಡನೇ ಪಂಗಡದವರೇ ಹೆಚ್ಚು ಅಂತ ನನ್ನ ಅಂದಾಜು. ಇಲ್ಲಿ ಮಳೆಯಿಲ್ಲ, ಹಿಮವಿಲ್ಲ, ತುಕ್ಕು ಕಡಿಮೆ. ಕಾರುಗಳು ಸಾಯಲು ಒಪ್ಪುವುದೇ ಇಲ್ಲ. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲೂ ಎಂಜಿನ್ನು ಗಟ್ಟಿಯಾಗಿರುತ್ತದೆ. ಬುದ್ಧಿ ಮಾತ್ರ ಅಲ್ಲಲ್ಲಿ ತಪ್ಪುತ್ತಾ ಬರುತ್ತದೆ.

ಸರ್ಕಾರವೂ ಟೇಪಿನವರ ಕಡೆಗೇ ಎಂದರೆ ನಂಬಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ ಕಡ್ಡಾಯ. ಎಂಜಿನ್ ದೀಪ ಹತ್ತಿತ್ತೋ, ಫೇಲು. ಆದರೆ ಕಾರು ಅದೇ ಹೊತ್ತಿಗೆ ‘ಬಾಗಿಲು ತೆಗೆದಿದೆ’ ಎಂದು ಬಡಕೊಳ್ಳುತ್ತಿದ್ದರೂ ಪರೀಕ್ಷಕ ತಲೆ ಎತ್ತಿ ನೋಡುವುದಿಲ್ಲ. ಅವನಿಗೆ ಬೇಕಾದದ್ದು ಹೊಗೆ. ಈ ಸೀಮೆಗೆ ಹೊಗೆಯ ಭಯ ಹಳೆಯದು. 1943ರ ಜುಲೈನಲ್ಲಿ ಲಾಸ್ ಏಂಜಲೀಸಿನ ಮೇಲೆ ಕಣ್ಣುರಿಸುವ ಮಬ್ಬು ಕವಿದಾಗ ಜಪಾನೀಯರು ವಿಷಾನಿಲ ಬಿಟ್ಟರೆಂದೇ ಎಷ್ಟೋ ಜನ ನಡುಗಿದರಂತೆ. ಅದು ತಾವೇ ಓಡಿಸುವ ಕಾರುಗಳ ಮತ್ತು ಕಾರ್ಖಾನೆಗಳ ಹೊಗೆ, ಬಿಸಿಲಿನಲ್ಲಿ ಬೆಂದು ಹೀಗಾಗಿದೆ ಎಂದು ಕ್ಯಾಲ್‌ಟೆಕ್‌ನ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ ತೋರಿಸಿಕೊಟ್ಟದ್ದು 1950ರ ದಶಕದಲ್ಲಿ. ಹೊರಗಿನ ಶತ್ರುವನ್ನು ಹುಡುಕುವುದು ಸುಲಭ, ಸೈಲೆನ್ಸರಿನೊಳಗೆ ಇಣುಕುವುದು ಕಷ್ಟ.

ನಮ್ಮ ಮನೆಯಲ್ಲಿ ಟೇಪಿನ ನೀತಿ ಮುರಿದುಬಿದ್ದದ್ದು ಅಮ್ಮ ಮೈಸೂರಿನಿಂದ ಬಂದ ಮೇಲೆ. ದೀಪಕ್ಕೆ ಟೇಪು ಹಾಕಬಹುದು, ‘ಟಣ್ ಟಣ್’ ಎನ್ನುವ ಗಂಟೆಗೆ ಏನು ಹಾಕುವುದು? ಆರ್ಟೀಷಿಯಾದ ಪಯೋನಿಯರ್ ಬುಲೆವಾರ್ಡಿನಲ್ಲಿ ಕರಿಬೇವು, ಚಿರೋಟಿ ರವೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಕೊಂಡು ಸ್ಯಾನ್ ಡಿಯಾಗೋ ಕಡೆ ಹೊರಟಿದ್ದೆವು. ಫ್ರೀವೇ ಹತ್ತಿ ವೇಗ ಹೆಚ್ಚಿಸಿದ್ದೇ ತಡ, ಕಾರು ಶುರುಮಾಡಿತು.

“ಅದೇನೋ ಅದು?”

“ಬಾಗಿಲು ತೆಗೆದಿದೆ ಅಂತ ಹೇಳ್ತಿದೆ. ಸುಳ್ಳು.”

“ಯಾವ ಬಾಗಿಲು?”

“ಹಿಂದಿನದು. ನೀನು ಕೂತಿರೋ ಕಡೇದು.”

“ಹಿಂಬಾಗಿಲಾ?” ಅಮ್ಮನ ದನಿ ಮೇಲಕ್ಕೇರಿತು. ಹೊತ್ತು ನೋಡಿದರೆ ಸರಿಯಾಗಿ ದೀಪ ಹಚ್ಚುವ ಸಮಯ. ಮುಸ್ಸಂಜೆಯಲ್ಲಿ ಮುಂಬಾಗಿಲು ತೆಗೆದಿರಬೇಕು, ಲಕ್ಷ್ಮಿ ಬರುತ್ತಾಳೆ; ಹಿಂಬಾಗಿಲು ಮುಚ್ಚಿರಬೇಕು, ಬಂದವಳು ಹಾಗೇ ಹೊರಟುಹೋದಾಳು. ಮೈಸೂರಿನ ಮನೆಯಲ್ಲಿ ಅಷ್ಟು ವರ್ಷ ಒಂದು ಸಂಜೆಯೂ ತಪ್ಪದೆ ಪಾಲಿಸಿದ ಶಾಸ್ತ್ರ, ಗಂಟೆಗೆ ಅರವತ್ತೈದು ಮೈಲಿ ವೇಗದಲ್ಲಿ ಭಂಗವಾಗುತ್ತಿದೆ! ಮುಚ್ಚಿದೆ, ನೋಡು, ಗಾಳಿಯ ಸದ್ದೂ ಇಲ್ಲ ಎಂದು ನಾನು ಹೇಳಿದೆ. ಕಾರೇ ತೆಗೆದಿದೆ ಅನ್ನುವಾಗ ನೀನ್ಯಾರು ಹೇಳೋಕೆ ಎನ್ನುವಂತೆ ಒಮ್ಮೆ ನೋಡಿ, ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ನೂರು ಮೈಲಿಗೆ ಸಮೀಪದ ದಾರಿ. ಮೀರಾ ಮೇಸಾದ ನಮ್ಮ ಮನೆ ಬರುವವರೆಗೂ ಕೈ ಬಿಡಲಿಲ್ಲ.

ಅಮ್ಮನ ವಾದದಲ್ಲಿ ಅರ್ಧ ನ್ಯಾಯವಿದೆ. ಕಾರಿಗೆ ಬಾಗಿಲಿನ ವಿಷಯ ನಮಗಿಂತ ಚೆನ್ನಾಗಿ ಗೊತ್ತಿರಬೇಕು ತಾನೇ? ಇಲ್ಲ. ಕಾರಿಗೆ ಬಾಗಿಲು ಎನ್ನುವುದು ಇದೆಯೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಸ್ವಿಚ್ಚು ಮಾತ್ರ. ತೀರಾ ಹಳೇ ಗಾಡಿಗಳಲ್ಲಿ ಬಾಗಿಲಿನ ಚೌಕಟ್ಟಿನಲ್ಲಿ, ಫ್ರಿಜ್ಜಿನೊಳಗೆ ದೀಪ ಹತ್ತಿಸುತ್ತದಲ್ಲ, ಅಂಥದೇ ಒಂದು ಗುಂಡಿ ಇರುತ್ತಿತ್ತು. ಬಾಗಿಲು ತೆಗೆದರೆ ಗುಂಡಿ ಹೊರಗೆ ಚಿಮ್ಮಿ ವಿದ್ಯುತ್ತು ಕಾರಿನ ಮೈಗೆ ಹರಿದು ಒಳದೀಪ ಹತ್ತುತ್ತದೆ. ಮುಚ್ಚಿದರೆ ಒತ್ತಿಕೊಂಡು ಆರುತ್ತದೆ. ಗುಂಡಿಯ ತುದಿಯ ರಬ್ಬರು ಸವೆದರೆ ಸಾಕು, ಬಾಗಿಲು ಎಷ್ಟೇ ಬಿಗಿಯಾಗಿದ್ದರೂ ಕಾರಿನ ಲೆಕ್ಕದಲ್ಲಿ ಅದು ತೆರೆದದ್ದೇ. ಆಮೇಲೆ ಬಂದ ಕಾರುಗಳಲ್ಲಿ ಈ ಸ್ವಿಚ್ಚನ್ನು ಬಾಗಿಲಿನ ಹೊಟ್ಟೆಯೊಳಗೆ, ಚಿಲಕದ ಪೆಟ್ಟಿಗೆಯಲ್ಲೇ ಹುದುಗಿಸಿದರು. ನೋಡಲು ಚೆಂದ, ರಿಪೇರಿಗೆ ಕಷ್ಟ. ಅಲ್ಲಿನ ಗ್ರೀಸು ಇಲ್ಲಿಯ ಒಣಹವೆಗೆ ಅಂಟಾಗಿ, ಸಾಂಟಾ ಆನಾ ಗಾಳಿ ಹೊತ್ತು ತರುವ ಧೂಳು ಕೂತು, ಕಡಲ ಉಪ್ಪು ಸೇರಿ, ಸ್ವಿಚ್ಚಿನ ನಾಲಿಗೆ ಪೂರ್ತಿ ತಿರುಗದೆ ನಿಲ್ಲುತ್ತದೆ.

ಚಿಲಕದಲ್ಲಿ ಎರಡು ಮೆಟ್ಟಿಲಿರುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಬಾಗಿಲು ಅರ್ಧಕ್ಕೆ ಕಚ್ಚಿಕೊಂಡರೂ ಹಾರಿ ತೆರೆಯಬಾರದು, ಅದಕ್ಕೇ ಪೂರ್ತಿ ಮುಚ್ಚುವ ಹಂತದ ಹಿಂದೆ ಇನ್ನೊಂದು ಹಂತ ಇರಬೇಕು ಎಂದು ಅಮೆರಿಕದ ಸುರಕ್ಷತಾ ನಿಯಮ ಹೇಳುತ್ತದೆ. ಎಚ್ಚರಿಕೆಯ ದೀಪ ನಿಜಕ್ಕೂ ಬೇಕಾಗುವುದು ಈ ಅರ್ಧ ಮುಚ್ಚಿದ ಬಾಗಿಲಿಗೇ. ಹಾರುಹೊಡೆದ ಬಾಗಿಲನ್ನು ಹೇಳಲು ದೀಪ ಯಾಕೆ, ಕಣ್ಣಿಲ್ಲವೇ? ನಮ್ಮಪ್ಪನ ಸ್ನೇಹಿತರೊಬ್ಬರ ಅಂಬಾಸಡರಿಗೆ ಈ ದೀಪವೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಇಳಿದವರು ಬಾಗಿಲನ್ನು ಧಡಾರ್ ಅಂತ ಹಾಕಬೇಕು, ಒಳಗಿದ್ದವರು “ಇನ್ನೊಂದ್ಸಲ, ಜೋರಾಗಿ!” ಎನ್ನಬೇಕು, ಮತ್ತೊಮ್ಮೆ ಧಡಾರ್. ಬೀದಿಗೆಲ್ಲ ಗೊತ್ತಾಗುತ್ತಿತ್ತು, ಬಾಗಿಲು ಬಿತ್ತು ಅಂತ. ನಗರ ಸಾರಿಗೆ ಬಸ್ಸಿನಲ್ಲಂತೂ ಬಾಗಿಲಿನ ಜಾಗದಲ್ಲಿ ಕಂಡಕ್ಟರೇ ನಿಂತಿರುತ್ತಿದ್ದ.

ಮಾತಾಡುವ ಕಾರುಗಳ ಕಾಲವೂ ಒಂದಿತ್ತು. 1980ರ ದಶಕದ ಆರಂಭದಲ್ಲಿ ಡಾಟ್ಸನ್ ಮ್ಯಾಕ್ಸಿಮಾ ಕಾರಿನೊಳಗೆ ಅಂಗೈಗಿಂತ ಚಿಕ್ಕದಾದ ಗ್ರಾಮಫೋನ್ ತಟ್ಟೆ ಇಟ್ಟಿದ್ದರು. ದೀಪ ಆರಿಸಲು ಮರೆತರೆ ಒಬ್ಬಾಕೆಯ ದನಿ ವಿನಯದಿಂದ ನೆನಪಿಸುತ್ತಿತ್ತು. 1983ರ ಹೊತ್ತಿಗೆ ಕ್ರೈಸ್ಲರ್ ಕಂಪನಿ ಚಿಪ್ಪಿನಿಂದಲೇ ಗಂಡಸಿನ ಗಡಸು ದನಿ ಹೊರಡಿಸಿತು. ಬಾಗಿಲು ಸರಿಯಾಗಿ ಹಾಕಿಲ್ಲವೆಂದು ಹೇಳುವುದು, ಹಾಕಿದ ಮೇಲೆ ‘ಥ್ಯಾಂಕ್ ಯೂ’ ಎನ್ನುವುದು. ಜನಕ್ಕೆ ಬೇಗನೆ ಸಾಕಾಯಿತು. ಗಂಡನೋ ಹೆಂಡತಿಯೋ ಪಕ್ಕದಲ್ಲಿ ಕೂತು ಹೇಳುತ್ತಿರುವಾಗ ಮೂರನೆಯವನು ಬೇಕೇ?

ಐದನೇ ನಂಬರಿನ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬರುವವರಿಗೆ ಸ್ಯಾನ್ ಕ್ಲೆಮೆಂಟೆ ದಾಟುತ್ತಲೇ ಕಡಲಂಚಿನಲ್ಲಿ ಎರಡು ದೊಡ್ಡ ಗುಮ್ಮಟಗಳು ಹೆಗ್ಗುರುತು. ಅದು ಸ್ಯಾನ್ ಒನೋಫ್ರೆ ಅಣು ವಿದ್ಯುತ್ ಸ್ಥಾವರ. 2013ರಲ್ಲಿ ಕಾಯಂ ಆಗಿ ಮುಚ್ಚಿದರು. ಅವನ್ನು ಕಂಡಾಗಲೆಲ್ಲ ನನಗೆ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರ ನೆನಪಾಗುತ್ತದೆ. 1979ರ ಮಾರ್ಚ್ 28ರ ಬೆಳಗಿನ ಜಾವ ಅಲ್ಲೊಂದು ಕವಾಟ ತೆರೆದುಕೊಂಡದ್ದು ಮತ್ತೆ ಮುಚ್ಚಲೇ ಇಲ್ಲ. ಆದರೆ ನಿಯಂತ್ರಣ ಕೊಠಡಿಯ ದೀಪ ಆರಿತ್ತು. ಅದರ ಅರ್ಥ, ಕವಾಟ ಮುಚ್ಚಿದೆ ಎಂದಲ್ಲ. ‘ಮುಚ್ಚು’ ಎಂಬ ಅಪ್ಪಣೆ ಹೋಗಿದೆ ಎಂದಷ್ಟೇ! ಎರಡು ಗಂಟೆಗೂ ಹೆಚ್ಚು ಕಾಲ ಅಲ್ಲಿನವರು ದೀಪವನ್ನು ನಂಬಿ ಕೂತರು. ಅಷ್ಟರಲ್ಲಿ ತಂಪಿನ ನೀರು ಸೋರಿಹೋಗಿ, ಕೊನೆಗೆ ಒಳಗಿನ ಇಂಧನ ಅರ್ಧಂಬರ್ಧ ಕರಗಿತು. ನನ್ನ ಕಾರು ಮುಚ್ಚಿದ್ದನ್ನು ತೆರೆದಿದೆ ಅನ್ನುತ್ತದೆ, ಆ ದೀಪ ತೆರೆದದ್ದನ್ನು ಮುಚ್ಚಿದೆ ಅಂದಿತು. ಎರಡರಲ್ಲಿ ನನ್ನ ಕಾರಿನ ಸುಳ್ಳೇ ವಾಸಿ.

ಆ ಜಾತಿಯ ಸುಳ್ಳಿಗೂ ದೊಡ್ಡ ವಂಶಾವಳಿಯಿದೆ. 1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ ಫ್ರೆಂಡ್‌ಶಿಪ್ 7 ನೌಕೆಯಲ್ಲಿ ಭೂಮಿಗೆ ಮೂರು ಸುತ್ತು ಹಾಕುತ್ತಿದ್ದಾಗ ಕೆಳಗಿನವರ ಯಂತ್ರಕ್ಕೊಂದು ಸಂಕೇತ ಬಂತು: ನೌಕೆಯ ತಳದ ಶಾಖಕವಚ ಸಡಿಲಗೊಂಡಿದೆ. ಅದು ಕಳಚಿದರೆ ವಾತಾವರಣಕ್ಕೆ ಇಳಿಯುವಾಗ ಮನುಷ್ಯ ಬೂದಿ. ಗ್ಲೆನ್‌ಗೆ ಮೊದಲು ನೇರವಾಗಿ ಹೇಳಲಿಲ್ಲ. ಸುತ್ತಿ ಬಳಸಿ ಆ ಸ್ವಿಚ್ಚು, ಈ ಸ್ವಿಚ್ಚು ಎಂದು ಕೇಳಿದರು, ಆತ ತಾನೇ ಊಹಿಸಿಕೊಂಡ. ಕೊನೆಗೆ, ವೇಗ ತಗ್ಗಿಸುವ ರಾಕೆಟ್ಟಿನ ಕಟ್ಟನ್ನು ಬಿಚ್ಚದೆ ಅದರ ಪಟ್ಟಿಗಳೇ ಕವಚವನ್ನು ಹಿಡಿದುಕೊಳ್ಳಲಿ ಎಂದು ಹಾಗೆಯೇ ಇಳಿಸಿದರು. ಆ ಕಟ್ಟು ಉರಿದು, ಚೂರುಚೂರಾಗಿ ಕಿಟಕಿಯಾಚೆ ಹಾರಿಹೋಗುವುದನ್ನು ನೋಡುತ್ತಾ ಗ್ಲೆನ್ ಇಳಿದ. ಆಮೇಲೆ ಪರೀಕ್ಷಿಸಿದರೆ ಕವಚ ಭದ್ರವಾಗಿಯೇ ಇತ್ತು. ಕೆಟ್ಟದ್ದು ಸ್ವಿಚ್ಚು. ಅಮ್ಮ ಬಾಗಿಲ ಹಿಡಿ ಹಿಡಿದು ಕೂತದ್ದನ್ನು ಕಂಡು ನಗಲು ಹೊರಟ ನನ್ನ ಹೆಂಡತಿಗೆ ಈ ಕಥೆ ಹೇಳಿದೆ. ನಾಸಾದವರೂ ಪಟ್ಟಿ ಹಿಡಿದುಕೊಂಡೇ ಕೂತಿದ್ದರು.

ಗ್ಲೆನ್‌ನನ್ನು ಮೇಲಕ್ಕೆ ಒಯ್ದ ಅಟ್ಲಾಸ್ ರಾಕೆಟ್ಟು ನಮ್ಮ ಸ್ಯಾನ್ ಡಿಯಾಗೋದ ಕಾನ್ವೇರ್ ಸಂಸ್ಥೆಯದು. ಅದರ ಉಕ್ಕಿನ ಮೈ ಎಷ್ಟು ತೆಳುವೆಂದರೆ ಒಳಗೆ ಒತ್ತಡ ತುಂಬದಿದ್ದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತಿತ್ತು. ಇಂಥ ಅಟ್ಲಾಸ್ ಕ್ಷಿಪಣಿಗಳ ಮೈಗೆ ತುಕ್ಕು ಹಿಡಿಯದಂತೆ ಸವರಲು ಇದೇ ಊರಿನ ರಾಕೆಟ್ ಕೆಮಿಕಲ್ ಕಂಪನಿ 1953ರಲ್ಲಿ ಒಂದು ದ್ರವ ತಯಾರಿಸಿತು. ನೀರನ್ನು ಓಡಿಸುವ ಆ ಸೂತ್ರ ನಲವತ್ತನೇ ಪ್ರಯತ್ನಕ್ಕೆ ಕೈಗೂಡಿತು, ಅದೇ ಡಬ್ಲ್ಯುಡಿ-40. ಕಾರ್ಖಾನೆಯ ಕೆಲಸಗಾರರು ಕದ್ದು ಮನೆಗೊಯ್ದು ಬಾಗಿಲು, ಬೀಗ, ಸೈಕಲ್ಲಿಗೆಲ್ಲ ಬಳಸತೊಡಗಿದರಂತೆ. 1958ರಲ್ಲಿ ಸ್ಪ್ರೇ ಡಬ್ಬಿಯಾಗಿ ಊರಿನ ಅಂಗಡಿಗಳಿಗೆ ಬಂತು. 1969ರಲ್ಲಿ ಕಂಪನಿ ತನ್ನ ಹೆಸರನ್ನೇ ಬಿಟ್ಟು ಡಬ್ಬಿಯ ಹೆಸರು ಇಟ್ಟುಕೊಂಡಿತು. ಪೇಟೆಂಟ್ ಮಾಡಿಸಿಲ್ಲ, ಮಾಡಿಸಿದರೆ ಒಳಗೇನಿದೆ ಎಂದು ಹೇಳಬೇಕಾಗುತ್ತದೆ. ಪುಳಿಯೋಗರೆ ಗೊಜ್ಜಿನ ಗುಟ್ಟನ್ನು ಸೊಸೆಗೂ ಹೇಳದ ಅತ್ತೆಯರು ಇದನ್ನು ಒಪ್ಪುತ್ತಾರೆ.

ಇಷ್ಟು ದೂರ ಸುತ್ತಿದ್ದು ಬಾಗಿಲಿಗೆ ಬರಲಿಕ್ಕೇ. ಗ್ಯಾರೇಜಿನವರು ಚಿಲಕದ ಪೆಟ್ಟಿಗೆಯನ್ನೇ ಬದಲಿಸಬೇಕು ಎಂದು ಹೇಳಿದ ಮೊತ್ತ ಕೇಳಿ, ಆ ದುಡ್ಡಿಗೆ ಊರಿಗೆ ಹೋಗುವ ಟಿಕೆಟ್ಟೇ ಬರಬಹುದೆನ್ನಿಸಿತು. ವಿಲ್ಮಿಂಗ್ಟನ್ನಿನ ಗುಜರಿಯಲ್ಲಿ ಸ್ಪ್ಯಾನರು ಕೈಲಿ ಹಿಡಿದು ನೀವೇ ಬಿಚ್ಚಿಕೊಳ್ಳಬಹುದು, ಅಗ್ಗ. ಆದರೆ ಅಲ್ಲಿ ಬಿದ್ದಿರುವುದು ಅದೇ ವಯಸ್ಸಿನ ಕಾರು, ಅದರ ಸ್ವಿಚ್ಚೂ ಸುಳ್ಳುಗಾರನಲ್ಲ ಎಂಬುದಕ್ಕೇನು ಖಾತರಿ? ಸಾಫ್ಟ್‌ವೇರಿನಲ್ಲಿರುವ ಗೆಳೆಯನೊಬ್ಬ ತಂತಿಯನ್ನೇ ಕತ್ತರಿಸು ಎಂದ. ಅವರ ಕಸುಬಿನಲ್ಲಿ ಎಚ್ಚರಿಕೆ ಬಂದರೆ ಅದನ್ನು ತೋರಿಸುವ ಸಾಲನ್ನು ಅಳಿಸುವುದು ವಾಡಿಕೆಯಂತೆ. ಕಾರಿನಲ್ಲಿ ಅದು ಜೂಜು: ಕೆಲವು ಗಾಡಿಗಳು ತಂತಿ ಕತ್ತರಿಸಿದರೆ ಬಾಗಿಲು ಮುಚ್ಚಿದೆ ಎಂದುಕೊಳ್ಳುತ್ತವೆ, ಕೆಲವು ಸದಾ ತೆರೆದಿದೆ ಎಂದು. ಸುಮ್ಮನಾದರೂ ಮುಂದೆ ಆ ಬಾಗಿಲು ನಿಜವಾಗಿ ಅರ್ಧ ಮುಚ್ಚಿದ ದಿನ ಹೇಳುವವರು ಯಾರು? ಈಗಲೂ ಹಾಗೇ ಆಗಿತ್ತಲ್ಲ: ದೀಪ ಸದಾ ಹತ್ತಿದ್ದರಿಂದ ಬೇರೆ ಬಾಗಿಲು ತೆರೆದಿದ್ದರೂ ಆ ಕಡೆ ಯಾರೂ ನೋಡುತ್ತಿರಲಿಲ್ಲ. ಜೊತೆಗೆ ಒಳದೀಪ. ಹತ್ತು ವ್ಯಾಟಿನ ಬಲ್ಬು ಆರದೇ ಉಳಿದರೆ ಒಳ್ಳೇ ಬ್ಯಾಟರಿಯೂ ಎರಡು ಮೂರು ದಿನಕ್ಕೆ ಮಲಗುತ್ತದೆ.

ನ್ಯಾಷನಲ್ ಸಿಟಿಯಲ್ಲಿ ಮನೆಯ ಮುಂದೆಯೇ ಕಾರು ರಿಪೇರಿ ಮಾಡುವ ಮೆಕ್ಸಿಕೋದ ಮುದುಕನೊಬ್ಬ ದಾರಿ ತೋರಿದ. ಬಾಗಿಲು ತೆರೆದಿಟ್ಟು, ಅದರ ಅಂಚಿನ ಚಿಲಕದ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿದ. ಟಕ್ ಟಕ್ ಎಂದು ಎರಡು ಮೆಟ್ಟಿಲೂ ಕಚ್ಚಿದವು. ಬಾಗಿಲು ತೆರೆದೇ ಇದೆ, ಚಿಲಕ ಮಾತ್ರ ಮುಚ್ಚಿದ ಭ್ರಮೆಯಲ್ಲಿದೆ. ಆದರೂ ದೀಪ ಆರಲಿಲ್ಲ. ತಪ್ಪು ಬಾಗಿಲಿನ ಜೋಡಣೆಯದಲ್ಲ, ಒಳಗಿನ ಸ್ವಿಚ್ಚಿನದೇ ಎಂದು ಅಷ್ಟರಲ್ಲೇ ತೀರ್ಮಾನವಾಯಿತು. ಕಂಬಕ್ಕೂ ಬಾಗಿಲಿಗೂ ನಡುವಿನ ರಬ್ಬರು ಕೊಳವೆಯನ್ನು ಹಿಸುಕಿ, ತಂತಿ ಮುರಿದಿಲ್ಲವೆಂದೂ ಖಾತರಿ ಮಾಡಿಕೊಂಡ. ಆಮೇಲೆ ಡಬ್ಲ್ಯುಡಿ-40 ಡಬ್ಬಿಯ ಕೆಂಪು ಕೊಳವೆಯನ್ನು ಚಿಲಕದ ಸಂದಿಗೆ ತೂರಿಸಿ ಧಾರಾಳವಾಗಿ ಊದಿದ. ಕಪ್ಪು ಕೊಳೆ ಇಳಿದು ಬಂತು. ಕೊಕ್ಕೆ ತಿರುಗಿಸು, ಹಿಡಿ ಎಳೆದು ಬಿಡಿಸು, ಮತ್ತೆ ತಿರುಗಿಸು. ಹಿಡಿ ಎಳೆದು ಕೊಕ್ಕೆ ಬಿಡಿಸದೆ ಬಾಗಿಲು ಹಾಕಿದರೆ ಚಿಲಕ ಮುರಿಯುತ್ತದೆ ಎಂದು ಬೆರಳಾಡಿಸಿ ಎಚ್ಚರಿಸಿದ. ಒಂದು ಹಂತದಲ್ಲಿ ದೀಪ ಮಿಣುಕಿತು, ಆರಿತು. ಈ ದ್ರವ ಕೊಳೆ ತೊಳೆಯುತ್ತದೆ, ಬಹಳ ದಿನ ನಿಲ್ಲುವುದಿಲ್ಲ, ಒಣಗಿದ ಮೇಲೆ ಬಿಳಿ ಗ್ರೀಸು ಹಾಕು ಎಂದು ಸ್ಪ್ಯಾನಿಷ್ ಬೆರೆತ ಮಾತಿನಲ್ಲಿ ಹೇಳಿ, ಕೊಟ್ಟ ದುಡ್ಡಿನಲ್ಲಿ ಅರ್ಧ ಹಿಂದಕ್ಕೆ ಕೊಟ್ಟ.

ಗ್ರೀಸು ಹಾಕಿದ್ದಾಯಿತು. ಡಬ್ಬಿಯನ್ನು ಕಾರಿನಲ್ಲೇ ಇಟ್ಟುಕೊಳ್ಳೋಣವೆಂದರೆ ಅದರ ಮೈಮೇಲೇ ಬರೆದಿದೆ: 49 ಡಿಗ್ರಿ ಮೀರಿದ ಬಿಸಿಯಲ್ಲಿ ಸಿಡಿದೀತು. ಇಲ್ಲಿಯ ಬೇಸಿಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರು ಅಷ್ಟನ್ನು ಸುಲಭವಾಗಿ ಮುಟ್ಟುತ್ತದೆ. ಹಾಗಾಗಿ ಅದು ಈಗ ಮನೆಯೊಳಗೆ, ಹಪ್ಪಳದ ಡಬ್ಬಿಯ ಪಕ್ಕದಲ್ಲಿದೆ. ಕೈಗೆ ಸಿಕ್ಕಿದ ಮೇಲೆ ಸುಮ್ಮನಿರುವುದುಂಟೇ? ಬಚ್ಚಲಿನ ಬಾಗಿಲು, ಅಂಗಳದ ಗೇಟು, ಮಗಳ ಸೈಕಲ್ಲು ಎಲ್ಲಕ್ಕೂ ಒಂದೊಂದು ಸಿಂಚನವಾಯಿತು. ದೇವರ ಮನೆಯ ಪುಟ್ಟ ಕದವೂ ಕಿರ್ರೆನ್ನುತ್ತಿತ್ತೆಂದು ಆ ಕಡೆ ಹೊರಟೆ. ಅಮ್ಮ ಅಡ್ಡ ನಿಂತಳು. ರಾಕೆಟ್ಟಿಗೆ ಹಚ್ಚಿದ್ದು ಇಲ್ಲಿಗೆ ಬೇಡ, ಇದಕ್ಕೆ ಕೊಬ್ಬರಿ ಎಣ್ಣೆಯೇ ಆಗಬೇಕು.